ಮುದುಕರ ಖೋಲಿ

ಜುಲೈ ೧೬, ಬುಧವಾರ

ಹೊಸ ಹುಡುಗರು ಬಂದರು, ಮೂವರು. ಡಾಕ್ಟರಿಕೆ ಓದಿ ಮುಗಿಸಿ ಕೊನೆಯ ವರ್ಷದ ತರಬೇತಿಯಲ್ಲಿರುವವರು. ಹಳ್ಳಿಯ ಪಾಲು ಮುಗಿಸಲಿ ಎಂದು ನಮ್ಮ ಕಾಲೇಜು ಇವರನ್ನು ಉಮದಿಯ ಈ ದವಾಖಾನೆಗೆ ಕಳಿಸುತ್ತದೆ. ಬಸ್ಸಿನಿಂದ ಇಳಿಯುವಾಗಲೇ ಮುಖ ನೋಡಿದೆ, ಮೂವರದೂ ಹರಳೆಣ್ಣೆ ಕುಡಿದ ಮುಖ.

ದೀಪಾಲಿ ಮಿರಜ ಕಡೆಯವಳು, ತರಗತಿಗೇ ಮೊದಲನೆಯವಳು. ಮನೆಮಾತು ಮರಾಠಿಯಾದರೂ ಕನ್ನಡ ಚೆನ್ನಾಗಿ ಬರುತ್ತದೆ. ಶಿವಪುತ್ರ ಜತ್ತದವನು, ಅಪ್ಪನಿಗೆ ಎಲುಬಿನ ಆಸ್ಪತ್ರೆ ಇದೆ. ಮೂರನೆಯವನು ರೇವಣ್ಣ, ಕುಣಿಕೋಣೂರಿನ ಕುರಿಗಾರರ ಮನೆಯ ಹುಡುಗ. ಅವನಿಗೆ ಮಾತೂ ಇಲ್ಲ, ಉತ್ಸಾಹವೂ ಇಲ್ಲ, ಕುಳಿತಲ್ಲೇ ಕಣ್ಣು ಮುಚ್ಚುತ್ತಾನೆ.

ನನ್ನ ಕೋಣೆ ತೋರಿಸಿದೆ. ಬಾಗಿಲ ಮೇಲೆ 'ಹಿರಿಯರ ವೈದ್ಯಕೀಯ ವಿಭಾಗ' ಎಂದು ಬರೆಸಿದ್ದೇನೆ. ಊರಲ್ಲಿ ಅದನ್ನು ಯಾರೂ ಹಾಗೆ ಕರೆಯುವುದಿಲ್ಲ, ಡಾಕ್ಟರ್ ಆದ ನನ್ನನ್ನು ಬಾಯಾರು ಅಂದಂತೆ ಅದನ್ನು ಮುದುಕರ ಖೋಲಿ ಅಂತಲೇ ಅನ್ನುತ್ತಾರೆ. ನಾಲ್ಕು ಮಂಚ, ಒಂದು ಕಪಾಟು, ಪ್ರತಿ ಬುಧವಾರ ಬಾಗಿಲಿನ ತನಕ ಕೋಲು, ಕಂಬಳಿ, ಕೆಮ್ಮು.

ಸಂಜೆ ಡೀನ್ ಸಾಹೇಬರ ಫೋನು. ತರಬೇತಿಯ ಕೊನೆಯ ಭಾಗಕ್ಕೆ ಹುಡುಗರು ತಮಗೆ ಬೇಕಾದ ವಿಭಾಗ ಆರಿಸಿಕೊಳ್ಳಬಹುದು, ಮುಂದೆ ಅಲ್ಲೇ ಕೆಲಸಕ್ಕೂ ನಿಲ್ಲಬಹುದು. ಎರಡು ತಂಡ ಬಂದು ಹೋದವು, ಒಬ್ಬರೂ ನನ್ನದನ್ನು ಆರಿಸಲಿಲ್ಲ. ಈ ಸಲವೂ ಒಬ್ಬರು ಬಾರದಿದ್ದರೆ ವಿಭಾಗ ಮುಚ್ಚಿ, ಆ ಕೋಣೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಡುತ್ತಾರಂತೆ. "ವಿದ್ಯಾವತಿಯವರೇ, ನೀವು ಮಾರ್ಚ್‌ಗೆ ರಿಟೈರ್ ಆಗುತ್ತೀರಿ. ಆಮೇಲೆ ಅಲ್ಲಿ ಯಾರು ಕೂಡುತ್ತಾರೆ, ನೀವೇ ಹೇಳಿ" ಎಂದರು. ಹೇಳಲು ನನ್ನಲ್ಲಿ ಹೆಸರಿದ್ದರೆ ತಾನೆ?

ಒಬ್ಬರು ಸಾಕು. ದೀಪಾಲಿಯನ್ನು ಹಿಡಿಯಬೇಕು.

ಜುಲೈ ೨೩, ಬುಧವಾರ

ಇವತ್ತು ಹುಡುಗರಿಗೆ ತೋರಿಸಲು ಒಳ್ಳೆಯ ಕೇಸು ಸಿಕ್ಕಿತು. ಬೆಳುಂಕಿಯ ಚನ್ನವ್ವ, ಎಪ್ಪತ್ತು ದಾಟಿದವಳು, ಸಕ್ಕರೆ ಕಾಯಿಲೆಗೆ ನನ್ನ ಹತ್ತಿರವೇ ಗುಳಿಗೆ ತೆಗೆದುಕೊಳ್ಳುವವಳು. ಸೊಸೆ ಸಂಗವ್ವ ಕರೆದುಕೊಂಡು ಬಂದಿದ್ದಳು.

"ನಡುನಡುವ ಏನೇನರ ಮಾತಾಡ್ತಾಳ್ರಿ ನಮ್ಮ ಅತ್ತಿ. ಒಂದೂ ತಿಳಿಯೂದಿಲ್ಲ. ಆಮ್ಯಾಲ ಕೇಳಿದ್ರ ನೆನಪ ಇಲ್ಲ ಅಂತಾಳ. ಚೈತ್ರದಾಗಿಂದ ಹಿಂಗ ನೋಡ್ರಿ."

ಹುಡುಗರ ಎದುರಿಗೇ ನೆನಪಿನ ಪರೀಕ್ಷೆ ಮಾಡಿದೆ. ಗಡಿಯಾರದ ಚಿತ್ರ ಬರೆ ಎಂದರೆ ಚನ್ನವ್ವ ಪೆನ್ನನ್ನು ಸೌಟಿನಂತೆ ಹಿಡಿದು ಕುಳಿತಳು. ಇವತ್ತು ಯಾವ ತಾರೀಖು ಎಂದರೆ, "ನಾಳಿ ಅಮಾಸಿ" ಎಂದಳು. ಎಲ್ಲಕ್ಕೂ ಸೊನ್ನೆ ಹಾಕಿ, ಮರೆವಿನ ರೋಗ ಎಂದರೆ ಹೀಗೆ, ವಾಸಿಯಾಗುವುದಿಲ್ಲ, ನಾವು ಕೊಡಬಹುದಾದದ್ದು ಕನಿಕರ ಎಂದು ಹೇಳಿದೆ. ಈ ಮಾತನ್ನು ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ. ದೀಪಾಲಿ ಟಿಪ್ಪಣಿ ಬರೆದುಕೊಂಡಳು.

"ಮೇಡಂ, ನಾಳಿ ಖರೇನ ಅಮಾಸಿ ಐತ್ರಿ" ಎಂದಿತು ಹಿಂದಿನಿಂದ ಒಂದು ದನಿ. ರೇವಣ್ಣ. ಎಚ್ಚರವಾಗಿದ್ದ ಎಂಬುದೇ ಆಶ್ಚರ್ಯ.

"ನಾ ಕೇಳಿದ್ದು ತಾರೀಖು" ಎಂದೆ. ಶಿವಪುತ್ರ ಕಿಸಕ್ಕೆಂದ. ಅಧಿಕಪ್ರಸಂಗಿಗಳನ್ನು ಕಂಡರೆ ನನಗಾಗದು.

ಹೋಗುವಾಗ ಸಂಗವ್ವನಿಗೆ ಗದರಿಸಿಯೇ ಹೇಳಿದೆ, ಏನೇ ಆಗಲಿ ಸಕ್ಕರೆಯ ಗುಳಿಗೆ ಒಂದು ದಿನವೂ ತಪ್ಪಬಾರದು ಎಂದು. ಹೂಂ ಎಂದಳು. ಇನ್ನೇನೋ ಹೇಳಲು ಬಾಯಿ ತೆರೆದವಳು ಸೆರಗು ಸರಿಮಾಡಿಕೊಂಡು ಹೊರಟುಬಿಟ್ಟಳು.

ಜುಲೈ ೩೦, ಬುಧವಾರ

ದೀಪಾಲಿಯನ್ನು ಮನೆಗೆ ಕರೆದು ಚಹಾ, ಚುರುಮುರಿಯ ಸೂಸಲಾ ಕೊಟ್ಟೆ. ಈ ವಯಸ್ಸಿನಲ್ಲಿ ಹೆಣ್ಣು ಕೇಳಲು ಹೋದ ಬೀಗರಂತೆ ನಯವಾಗಿ ಮಾತಾಡಿದೆ. ದೇಶದಲ್ಲಿ ಮುದುಕರು ಹೆಚ್ಚುತ್ತಿದ್ದಾರೆ, ಅವರನ್ನು ನೋಡುವವರು ಇಲ್ಲ, ಇದು ಸೇವೆ, ಪುಣ್ಯ, ಎಲ್ಲ ಹೇಳಿದೆ. ಅವಳು ತಟ್ಟೆ ಖಾಲಿ ಮಾಡಿ, ಕೈ ತೊಳೆದು ಬಂದು, ನೇರವಾಗಿ ಹೇಳಿದಳು.

"ಮೇಡಂ, ತಪ್ಪ ತಿಳಕೋಬ್ಯಾಡ್ರಿ. ನನಗ ಆರಾಮಾಗಿ ಮನಿಗೆ ಹೋಗೂ ಪೇಶಂಟ ಬೇಕು. ನಿಮ್ಮ ಖೋಲಿಗೆ ಬಂದವರು ಯಾರರ ಆರಾಮ ಆಗ್ತಾರೇನ್ರಿ? ನೀವ ಹೇಳ್ತೀರಿ, ವಾಸಿ ಆಗೂದಿಲ್ಲ, ಕನಿಕರ ಕೊಡ್ರಿ ಅಂತ. ಅದಕ್ಕ ನಾ ಆರು ವರ್ಷ ಓದಬೇಕಾಗಿತ್ತೇನ್ರಿ?"

ಚರ್ಮದ ವಿಭಾಗ ಆರಿಸುತ್ತಾಳಂತೆ. ಅಲ್ಲಿ ಕಲೆ ಹೋಗುವುದು ಕಣ್ಣಿಗೆ ಕಾಣುತ್ತದಂತೆ.

ಶಿವಪುತ್ರನನ್ನೂ ಕೇಳಿದೆ. ಅವನು ನಗುತ್ತಲೇ, "ಮುಪ್ಪಿಗೆ ಗುಳಗಿ ಐತೇನ್ರಿ ಮೇಡಂ? ಇದ್ರ ಹೇಳ್ರಿ, ಮೊದಲ ನಮ್ಮಪ್ಪಗ ಕೊಡೂನು" ಎಂದ. ಎಲುಬು ಮುರಿದರೆ ಕೂಡಿಸಬಹುದು, ಅವನ ಪಾಲಿಗೆ ಅಷ್ಟೇ ವೈದ್ಯ.

ರೇವಣ್ಣನನ್ನು ಕೇಳಲಿಲ್ಲ. ಸರ್ಜನ್ ಆಗುತ್ತೇನೆ ಎಂದು ಬಂದ ದಿನವೇ ಎಲ್ಲರ ಮುಂದೆ ಹೇಳಿದ್ದ. ಕೇಳಿ ಇನ್ನೊಂದು ಸಲ ಇಲ್ಲ ಅನ್ನಿಸಿಕೊಳ್ಳುವುದು ಯಾಕೆ?

ಆಗಸ್ಟ್ ೪, ಸೋಮವಾರ

ಸ್ಕ್ಯಾನಿಂಗ್ ಯಂತ್ರದ ಕಡೆಯವರು ಇಬ್ಬರು ಬಂದು ಟೇಪು ಹಿಡಿದು ನನ್ನ ಕೋಣೆ ಅಳೆದರು. ನಾನು ಅಲ್ಲೇ ಕುರ್ಚಿಯ ಮೇಲಿದ್ದೆ. "ಸ್ವಲ್ಪ ಕಾಲ ಎತ್ರಿ ಬಾಯಾರ" ಎಂದರು, ಎತ್ತಿದೆ.

ಆರಿಸಿಕೊಳ್ಳಲು ಇಪ್ಪತ್ತೆರಡನೆಯ ತಾರೀಖು ಕೊನೆಯ ದಿನ.

ಆಗಸ್ಟ್ ೬, ಬುಧವಾರ

ಚನ್ನವ್ವ ಮತ್ತೆ ಬಂದಳು. ಹಣೆ ಊದಿ ಕಪ್ಪಾಗಿದೆ, ಬಿದ್ದಿದ್ದಾಳೆ. ಈ ಸಲ ಮಗ ಮಲಕಾಜಪ್ಪನೂ ಜೊತೆಗಿದ್ದ. ನಾನು ಚನ್ನವ್ವನನ್ನು ಕೇಳಿದ್ದಕ್ಕೆಲ್ಲ ಅವನೇ ಉತ್ತರ ಕೊಟ್ಟ. ಊಟ ಮಾಡುತ್ತಾಳಾ? "ಮಾಡ್ತಾಳ್ರಿ." ನಿದ್ದೆ? "ಚಲೋ ಮಾಡ್ತಾಳ್ರಿ." ಸಂಗವ್ವ "ಅಲ್ರಿ, ಸೋಮ..." ಎಂದು ಶುರುಮಾಡಿದಳು. ಅವನು ಅವಳನ್ನು ನೋಡಿದ, ಅವಳು ಸುಮ್ಮನಾದಳು. ಗಂಡಹೆಂಡಿರ ತಂಟೆ ನನಗೆ ಬೇಡವೆಂದು ಬಿಟ್ಟೆ.

ರಕ್ತದ ಸಕ್ಕರೆ ನೋಡಿದೆ, ಸರಿಯಾಗಿಯೇ ಇದೆ. ರೋಗ ಬೆಳೆಯುತ್ತಿದೆ, ಇನ್ನು ಮೇಲೆ ಮಗುವಿನಂತೆ ನೋಡಿಕೊಳ್ಳಬೇಕು ಎಂದೆ. ಮಲಕಾಜಪ್ಪ ಕೈಮುಗಿದ. ಚನ್ನವ್ವ ನನ್ನನ್ನೇ ನೋಡುತ್ತ ಕುಳಿತಿದ್ದಳು. ಪಾಪ ಎನಿಸಿತು.

ಹೊರಗೆ ಇಷ್ಟು ಮಂದಿ ಕಾಯುತ್ತಿದ್ದರೆ ರೇವಣ್ಣ ಮಹಾಶಯ ನೀರಿನ ಕೊಡದ ಹತ್ತಿರ ಸಂಗವ್ವನ ಜೊತೆ ಹರಟೆ ಹೊಡೆಯುತ್ತಿದ್ದ. ಒಳಗೆ ಕರೆದು ಬೈದೆ. "ಹೂಂ ರಿ" ಎಂದ. ಇಂಥವರೂ ಡಾಕ್ಟರಾಗುತ್ತಾರೆ.

ಆಗಸ್ಟ್ ೧೧, ಸೋಮವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಗ್ಗೆಯಿಂದ ರೇವಣ್ಣನ ಪತ್ತೆ ಇಲ್ಲ. ರಜೆ ಕೇಳಿಲ್ಲ. ಸಕ್ಕರೆ ನೋಡುವ ಸಣ್ಣ ಯಂತ್ರವೂ ಕಪಾಟಿನಲ್ಲಿಲ್ಲ. ಇವತ್ತೇ ಕಾಲೇಜಿಗೆ ದೂರು ಹೇಳುತ್ತೇನೆ ಎಂದು ದೀಪಾಲಿಯ ಎದುರು ಕೂಗಾಡಿದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಜೀಪು ಬಂತು. ರೇವಣ್ಣ ಚನ್ನವ್ವನನ್ನು ಎತ್ತಿಕೊಂಡು ಇಳಿದ. ಅಂಗಿಯ ಗುಂಡಿ ಕಿತ್ತುಹೋಗಿತ್ತು. ಹಿಂದೆ ಸಂಗವ್ವ.

"ಸಕ್ಕರಿ ಮೂವತ್ತೆಂಟಕ್ಕ ಇಳದಿತ್ರಿ ಮೇಡಂ. ಸಕ್ಕರಿ ನೀರ ಕುಡಿಸೇವಿ, ಕಣ್ಣ ಬಿಟ್ಟಾಳ. ಗುಳಗಿ ಇನ್ನೂ ಹೊಟ್ಟ್ಯಾಗ ಐತಿ, ಮತ್ತ ಇಳೀತೈತಿ. ಗ್ಲುಕೋಸ್ ಹಚ್ಚೂನ್ರಿ."

ಹಚ್ಚಿದೆವು. ಅವಳು ಮಲಗಿದ ಮೇಲೆ ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದೆ. ಅವನು ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಚನ್ನವ್ವ ಸೋಮವಾರ ಒಪ್ಪತ್ತು ಹಿಡಿಯುತ್ತಾಳೆ. ಸಂಜೆ ಪೂಜೆ ಆಗುವ ತನಕ ಬಾಯಿಗೆ ಒಂದು ಕಾಳು ಹಾಕುವುದಿಲ್ಲ. ಆದರೆ ಬೆಳಗಿನ ಗುಳಿಗೆ ಮಾತ್ರ ತಪ್ಪಿಸುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೈ ನಡುಗಿ, ಬೆವರು ಕಿತ್ತು, ಏನೇನೋ ಮಾತಾಡುತ್ತಾಳೆ. ಮನೆಯವರಿಗೂ ಓಣಿಯವರಿಗೂ ಅದು ದೇವರು ಮೈಮೇಲೆ ಬರುವುದು. ಸೋಮವಾರ ಅವರ ಪಡಸಾಲೆ ತುಂಬ ಜನ. ಕುಂಕುಮ ಹಚ್ಚಿ, ಕಾಲಿಗೆ ಬಿದ್ದು, ಮಗಳ ಲಗ್ನ ಯಾವಾಗ, ಬೋರಿಗೆ ನೀರು ಎಲ್ಲಿ ಎಂದು ಕೇಳುತ್ತಾರೆ. ಅವಳು ತೊದಲಿದ್ದನ್ನು ತಮಗೆ ಬೇಕಾದಂತೆ ತಿಳಿದುಕೊಂಡು ಹೋಗುತ್ತಾರೆ.

"ನಿನಗ ಹ್ಯಾಂಗ ಗೊತ್ತಾತು?" ಎಂದೆ.

"ತಲಿ ಕೆಡೂದು ಯಾವ ವಾರ ಅಂತ ಸಂಗವ್ವಕ್ಕನ್ನ ಕೇಳಿದ್ನಿ. ಸೋಮವಾರ ಅಂದ್ಳು. ಬಿದ್ದದ್ದೂ ಸೋಮವಾರ. ನಿಮ್ಮ ಮುಂದ ಹೇಳಾಕ ಆಕಿಗೆ ಅಂಜಿಕಿ ಬಂದಿತ್ತು. ದೇವರ ಸುದ್ದಿ ತಗದ್ರ ಬಾಯಾರ ನಗ್ತಾರ ಅಂದ್ಳು."

ನಗುತ್ತಿದ್ದೆ, ಸುಳ್ಳು ಯಾಕೆ.

"ನಮ್ಮ ಆಯಿ, ನಮ್ಮಪ್ಪನ ಅವ್ವ, ಆಕಿ ಮ್ಯಾಲೂ ದೇವರು ಬರ್ತಿತ್ರಿ. ಸಣ್ಣಾಂವ ಇದ್ದಾಗ ಆಕಿ ಕೈ ಹಿಡಕೊಂಡ ಕುಂದರಾಂವ ನಾನ. ಮೈ ಕೆಂಡ ಆಗಿರ್ತಿತ್ತು, ಮಾತು ಖಣಖಣ. ಇವತ್ತ ಚನ್ನವ್ವಾಯಿ ಕೈ ಹಿಡದ್ನಿ, ಹಸಿ ಮಣ್ಣ ಹಿಡದಂಗ ಆತು. ನಾಲಗಿ ಹೊರಳವಲ್ಲದು. ಇದು ದೇವರಲ್ಲ ಅನಿಸ್ತು. ಕೈಬಟ್ಟ ಚುಚ್ಚಿ ಸಕ್ಕರಿ ನೋಡಿದ್ನಿ, ಅಷ್ಟಕ್ಕ ಮಲಕಾಜಪ್ಪಣ್ಣ ಅಂಗಿ ಹಿಡದ, ದೇವರಿಗೆ ಸೂಜಿ ಚುಚ್ಚತಿಯೇನಲೇ ಅಂತ. ಮಂದಿ ಎಲ್ಲಾ ಎದ್ದ ನಿಂತ್ರು. ಅಷ್ಟರಾಗ ಸಂಗವ್ವಕ್ಕ ಒಳಗಿಂದ ಸಕ್ಕರಿ ನೀರ ತಂದು, ಯಾರ ಮಾತೂ ಕೇಳಲಿಲ್ಲ, ತಾನ ಅತ್ತಿ ಬಾಯಿಗೆ ಹಿಡದ್ಳು."

"ಗುಳಗಿ ಒಂದಿನ ಬಿಡಾಕ ಏನಾಗಿತ್ತ ಆಕಿಗೆ?" ಎಂದು ಕೇಳಿದೆ. ಯಾಕೆ ಕೇಳಿದೆನೋ.

ಅವನು ನೆಲ ನೋಡಿದ. "ಒಪ್ಪತ್ತ ಬಿಟ್ರ ದೇವರು ಸಿಟ್ಟಾಗ್ತಾನ, ಗುಳಗಿ ಬಿಟ್ರ ಬಾಯಾರ ಸಿಟ್ಟಾಗ್ತಾರ, ನಾ ಏನ ಮಾಡ್ಲಿ ಅಂತಾಳಂತ್ರಿ."

ಆಗಸ್ಟ್ ೧೨, ಮಂಗಳವಾರ

ಚೈತ್ರದಲ್ಲಿ ಗುಳಿಗೆಯನ್ನು ಎರಡು ಪಟ್ಟು ಮಾಡಿದವಳು ನಾನು.

ಆಗಸ್ಟ್ ೧೩, ಬುಧವಾರ

ಚನ್ನವ್ವ ಎದ್ದು ಕುಳಿತು ಜೋಳದ ಗಂಜಿ ಕುಡಿದಳು. ಮಾತು ನೆಟ್ಟಗಿದೆ. ಮೊಮ್ಮಕ್ಕಳ ಹೆಸರು, ತನ್ನ ಮದುವೆಯಲ್ಲಿ ಯಾರು ಮುನಿಸಿಕೊಂಡರು, ಯಾರಿಗೆ ಸೀರೆ ಸಾಲದೇ ಹೋಯಿತು, ಎಲ್ಲ ಗೊತ್ತು. ಮರೆವಿನ ರೋಗವಂತೆ! ನನ್ನನ್ನು ನೋಡಿ, "ಯಾಕ್ರಿ ಬಾಯಾರ, ಮಾರಿ ಹಿಂಗ ಯಾಕ ಮಾಡೀರಿ? ಜಡ್ಡ ಬಿದ್ದಾಕಿ ನಾನೋ, ನೀವೋ?" ಎಂದಳು.

ಮೂವರನ್ನೂ ಅವಳ ಮಂಚದ ಹತ್ತಿರ ನಿಲ್ಲಿಸಿದೆ. ಈ ರೋಗಿಗೆ ತಪ್ಪು ಹೆಸರು ಇಟ್ಟವಳು ನಾನು, ತಪ್ಪು ಗುಳಿಗೆ ಕೊಟ್ಟವಳೂ ನಾನು, ಸರಿಯಾಗಿ ನೋಡಿದವನು ರೇವಣ್ಣ ಎಂದು ಹೇಳಿದೆ. ಶಿವಪುತ್ರನ ನಗು ಇರಲಿಲ್ಲ. ದೀಪಾಲಿ ಮುಂದೆ ಬಂದು ಚನ್ನವ್ವನ ಹಣೆಯ ಊತವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಇನ್ನು ಮುಗಿಯಿತು. ಕಲಿಸುವವಳಿಗೇ ಬಾರದ ವಿದ್ಯೆಯನ್ನು ಯಾವ ಹುಡುಗ ಕಲಿಯಲು ಬರುತ್ತಾನೆ? ಮೂವತ್ತು ವರ್ಷ ಡಾಕ್ಟರಿಕೆ ಮಾಡಿ, ಕೊನೆಗೆ ಇದೊಂದು ಕೋಣೆ ಉಳಿಸಿ ಹೋಗೋಣ ಎಂದರೆ ಅದನ್ನು ನಾನೇ ಕೈಯಾರೆ ಮುಚ್ಚಿದೆ. ಅಳುವೂ ಬರುತ್ತಿಲ್ಲ.

ಹೊರಗೆ ಮಲಕಾಜಪ್ಪ ಕುಳಿತಿದ್ದ. ಓಣಿಯವರು ಅವನ ಜೊತೆ ಮಾತು ಬಿಟ್ಟಿದ್ದಾರಂತೆ. "ನಿಮ್ಮ ಹುಡುಗ ನಮ್ಮ ಮನಿ ದೇವರನ್ನ ಓಡಿಸ್ಯಾನ್ರಿ" ಎಂದ. ಆಮೇಲೆ ಒಳಗೆ ಹೋಗಿ ತಾಯಿಯ ಕಾಲ ಹತ್ತಿರ ಕುಳಿತ.

ಆಗಸ್ಟ್ ೧೮, ಸೋಮವಾರ

ಶ್ರಾವಣದ ಕಡೆಯ ಸೋಮವಾರ. ರೇವಣ್ಣ ಬೆಳಗ್ಗೆ ಬಂದು, "ಮೇಡಂ, ಚನ್ನವ್ವಾಯಿ ಸಕ್ಕರಿ ಬರೋಬ್ಬರಿ ಐತಿ, ಗುಳಗಿ ಕಮ್ಮಿ ಮಾಡೇವಿ. ಆದ್ರ ಆಕಿ ಮನಿಗೆ ಹ್ವಾದಾಗಿಂದ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳಂತ. ಉಣ್ಣವಲ್ಲಳು. ಇದು ಯಾಕ್ರಿ?" ಎಂದ.

"ನನಗ ಗೊತ್ತಿಲ್ಲಪ್ಪಾ" ಎಂದೆ.

"ಹಂಗಾದ್ರ ಹೋಗಿ ನೋಡೂನ್ ಬರ್ರಿ."

ಹೋದೆವು. ಮಗನನ್ನು ಹೊಲಕ್ಕೆ, ಸೊಸೆಯನ್ನು ಅಡುಗೆಮನೆಗೆ ಕಳಿಸಿ, ಬಾಗಿಲು ಮುಂದೆ ಮಾಡಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಮೊಣಕಾಲು ಅದಕ್ಕೆ ಒಪ್ಪಲಿಲ್ಲ. ಏನೂ ಕೇಳಲಿಲ್ಲ, ರೇವಣ್ಣ ಪಕ್ಕಕ್ಕೆ ಬಂದು ಅವಳ ಕೈ ಹಿಡಿದುಕೊಂಡ. ಅವಳೇ ಗೋಡೆಗೆ ಹೇಳಿಕೊಳ್ಳುವಂತೆ ಶುರುಮಾಡಿದಳು.

"ಸೋಮಾರ ಬಂತಂದ್ರ ಮಂದಿ ನನ್ನ ಮುಂದ ಬಂದ ಕುಂದರ್ತಿದ್ರು. ನಾ ಏನ ಅಂತಿದ್ನೋ ನನಗೇನ ಗೊತ್ತು? ಅವರಂತೂ ಕಿವಿಗೊಟ್ಟ ಕೇಳ್ತಿದ್ರು. ಮಗಾ ಸುದ್ದಾ ಕೇಳ್ತಿದ್ದ. ಉಳದ ವಾರ ನನ್ನ ಮಾತು ಯಾರಿಗೆ ಬೇಕು ಯವ್ವಾ? ಮುದಿಕಿ, ಸುಮ್ನ ಕುಂದುರ ಅಂತಾರ. ನಿಮ್ಮ ಹುಡುಗ ಜೀವಾ ಉಳಿಸಿದ, ಖರೆ. ನನ್ನ ಸೋಮಾರ ಕಸಕೊಂಡ."

ರೇವಣ್ಣನ ಮುಖ ನೋಡಲಾಗಲಿಲ್ಲ. ಸುಟ್ಟುಕೊಂಡವನಂತೆ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಇದಕ್ಕೆ ನನ್ನ ಚೀಲದಲ್ಲಿ ಏನೂ ಇರಲಿಲ್ಲ. ಎದ್ದು ಬರಲೂ ಮನಸ್ಸಾಗಲಿಲ್ಲ. ಅವಳು ಹೇಳುತ್ತಾ ಹೋದಳು, ನಾವು ಕೇಳುತ್ತಾ ಹೋದೆವು. ಸತ್ತ ಮಗಳ ಸುದ್ದಿ, ಹಣೆಬರಹದ ಸುದ್ದಿ, ನಡುವೆ ನನ್ನ ಸೀರೆ ಉಟ್ಟ ರೀತಿ ನೆಟ್ಟಗಿಲ್ಲ ಎಂಬ ಸುದ್ದಿ. ಸಂಜೆ ಸಂಗವ್ವ ರೊಟ್ಟಿ ತಂದಿಟ್ಟಾಗ ಮಾತಿನ ನಡುವೆಯೇ ಮುರಿದು ತಿಂದಳು.

ಇಡೀ ದಿನ ಹಾಳಾಯಿತು. ದವಾಖಾನೆಯ ಒಂದು ಕೆಲಸವೂ ಆಗಲಿಲ್ಲ.

ಆಗಸ್ಟ್ ೨೦, ಬುಧವಾರ

ಕೊನೆಯ ಬುಧವಾರವಿರಬಹುದು. ವಿಠೋಬ ಎಂಬ ಕುರಿಗಾರ ಮುದುಕನನ್ನು ಮಗ ಕರೆತಂದಿದ್ದ. ಮಗ ಬಾಯಿ ತೆರೆದ ಕೂಡಲೇ ಅವನನ್ನು ಚಹಾ ಕುಡಿದು ಬಾ ಎಂದು ಹೊರಗಟ್ಟಿದೆ. ಮುದುಕ ತನ್ನ ಕಾಲುನೋವಿನ ಕಥೆಯನ್ನು ಎಲ್ಲಿಂದಲೋ ಶುರುಮಾಡಿ ಎಲ್ಲೆಲ್ಲಿಗೋ ಹೋದ. ಸಾಲು ರಸ್ತೆಯ ತನಕ ಬೆಳೆಯಿತು, ಮಂದಿ ಗೊಣಗಿದರು. ದೀಪಾಲಿ ತಾನಾಗಿಯೇ ಇನ್ನೊಂದು ಕುರ್ಚಿ ಹಾಕಿಕೊಂಡು ಒಬ್ಬ ಅಜ್ಜಿಯನ್ನು ಕೂರಿಸಿಕೊಂಡಳು. ಸಾಲು ಕರಗಲಿ ಎಂದಿರಬೇಕು.

ಡೀನ್ ಸಾಹೇಬರಿಗೆ ಫೋನು ಮಾಡಿ ಇನ್ನೊಂದು ತಂಡದ ತನಕ ಸಮಯ ಕೊಡಿ ಎಂದು ಬೇಡಿಕೊಂಡೆ. ಬೇಡಿಕೊಂಡೆ ಎಂದೇ ಬರೆಯುತ್ತೇನೆ. ಆಗುವುದಿಲ್ಲ ಎಂದರು.

ಆಗಸ್ಟ್ ೨೨, ಶುಕ್ರವಾರ

ಬೆಳಗ್ಗೆಯೇ ಕಪಾಟು ಖಾಲಿ ಮಾಡಲು ನಿಂತೆ. ಇನ್ನೊಬ್ಬರು ಬಂದು ಖಾಲಿ ಮಾಡಿಸುವುದಕ್ಕಿಂತ ನಾನೇ ಮಾಡುವುದು ಲೇಸು.

ದೀಪಾಲಿ ಬಂದು ಚರ್ಮದ ವಿಭಾಗವೇ ಎಂದಳು, ಹೇಳುವಾಗ ಕಣ್ಣು ತುಂಬಿಕೊಂಡಳು. ಶಿವಪುತ್ರ ಎಲುಬು ಎಂದ. ನಗಲಿಲ್ಲ, ಕಾಲು ಮುಟ್ಟಿ ನಮಸ್ಕಾರ ಮಾಡಿದ. ಇಬ್ಬರ ಮೇಲೂ ಸಿಟ್ಟು ಬರಲಿಲ್ಲ. ದೇವರು ಚೆನ್ನಾಗಿಟ್ಟಿರಲಿ.

ರೇವಣ್ಣ ಬಾಗಿಲಲ್ಲಿ ನಿಂತಿದ್ದ. ನಾನು ಕಪಾಟಿನ ಕಡೆಗೇ ಮುಖ ಮಾಡಿಕೊಂಡು, "ಸರ್ಜರಿ ಅಂತ ಹೇಳೀಯೇನು ಕಾಲೇಜಿಗೆ?" ಎಂದೆ.

"ಇಲ್ರಿ. ಈ ಖೋಲಿ ಅಂತ ಹೇಳೀನಿ. ಈಗ ಡೀನ್ ಸಾಹೇಬ್ರಿಗೆ ಫೋನ್ ಮಾಡಿ ಬಂದ್ನಿ. ಎರಡ ಸಲ ಕೇಳಿದ್ರು ಅವರು, ಖರೇನ ಅಂತ."

ಕೈಯಲ್ಲಿದ್ದ ಡಬ್ಬಿ ಬಿದ್ದು ಗುಳಿಗೆಗಳೆಲ್ಲ ನೆಲದ ಮೇಲೆ ಹರಡಿದವು. ಅವನು ಕುಕ್ಕರಗಾಲಲ್ಲಿ ಕುಳಿತು ಆರಿಸತೊಡಗಿದ. ಸಂತೋಷಪಡುವ ಬದಲು ನನಗೆ ಜಗಳ ತೆಗೆಯಬೇಕೆನಿಸಿತು. "ನನ್ನ ಮ್ಯಾಲ ಕನಿಕರ ಮಾಡಾಕ ಹೋಗಬ್ಯಾಡ ಮತ್ತ" ಎಂದೆ.

"ಕನಿಕರ ಅಲ್ರಿ. ಬಂದಾಗಿಂದ ಕನಿಕರದ ಮಾತ ಕೇಳಿದ್ನಿ, ನಿದ್ದಿ ಬರ್ತಿತ್ರಿ ನನಗ. ತಪ್ಪ ತಿಳಕೋಬ್ಯಾಡ್ರಿ. ಚನ್ನವ್ವಾಯಿ ಕೈ ಹಿಡದಾಗ ಕನಿಕರ ಬರಲಿಲ್ಲ, ಇಲ್ಲಿ ಏನೋ ಐತಿ, ಹುಡಕಬೇಕು ಅನಿಸ್ತು. ಹುಡಕಿದ್ನಿ, ಸಿಕ್ತು. ಮತ್ತ ಸೋಮವಾರ ಹ್ವಾದ್ರ ಅದರ ಹಿಂದ ಇನ್ನೊಂದು ಇತ್ತು. ಅದು ನನಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಮುಪ್ಪಂದ್ರ ಎಲ್ಲಾ ಮುಗದದ್ದು ಅಂತ ತಿಳಿದಿದ್ನಿ. ಇಷ್ಟ ಇರ್ತೈತಿ ಅಂತ ಯಾರೂ ಹೇಳಿರಲಿಲ್ರಿ."

ನಾನೂ ಹೇಳಿರಲಿಲ್ಲ. ಹೇಳಲು ನನಗೆ ಗೊತ್ತಿತ್ತೇ ಎಂಬುದೇ ಅನುಮಾನ. ಕೆಳಗೆ ಕೂರಲಾಗದೆ ಮಂಚದ ಮೇಲೆ ಕುಳಿತು ಅವನನ್ನೇ ನೋಡಿದೆ. ಗುಳಿಗೆ ಆರಿಸುತ್ತಲೇ ಅವನು ಕೇಳಿದ.

"ಮೇಡಂ, ಮಾರ್ಚಿಗೆ ನೀವು ಹೋಗ್ತೀರಿ. ಆಮ್ಯಾಲ ನಾ ತಪ್ಪ ಮಾಡಿದ್ರ ಯಾರ ಹೇಳ್ತಾರ್ರಿ?"

"ಆವಾಗ ನಾನೂ ಮುದಿಕಿ. ಕೋಲ ಹಿಡಕೊಂಡು ಇದ ಖೋಲಿಗೆ ಬಂದು, ಸಾಲಿನ್ಯಾಗ ಕುಂತು, ನಿನ್ನ ತಪ್ಪ ಹೇಳ್ತೀನಿ."

ಅವನು ನಗಲಿಲ್ಲ. ಕೈತುಂಬ ಗುಳಿಗೆ ಹಿಡಿದುಕೊಂಡು ಎದ್ದು ನಿಂತು, ಬಹಳ ಯೋಚನೆ ಮಾಡಿದವನಂತೆ ಹೇಳಿದ. "ಬರ್ರಿ. ಆದ್ರ ಡಾಕ್ಟರ್ ಅದೀನಿ ಅಂತ ನಿಮ್ಮ ಜಡ್ಡಿಗೆ ನೀವ ಹೆಸರ ಇಟಗೊಂಡ ಬರಬ್ಯಾಡ್ರಿ. ಸುಮ್ನ ಬಂದು ಕುಂದ್ರಿ. ನಾ ಕೇಳ್ತೀನಿ."

ಎಂಥ ಮಾತು! ಬೈಯಬೇಕೆಂದು ಬಾಯಿ ತೆರೆದೆ. ಬಂದದ್ದು ಅಳು. ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತ.